ಒತ್ತಡ ಇಳಿಸಿದ್ದು ಪ್ಯಾಡೋ, ನಡಿಗೆಯೋ?

ನಾನು ಕೆಲಸ ಮಾಡುವುದು ನಡಿಗೆ ಪರೀಕ್ಷಿಸುವ ಲ್ಯಾಬಿನಲ್ಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರ ಶೂ ಒಳಗೆ ತೆಳುವಾದ ಸೆನ್ಸರ್ ಹಾಳೆ ಹಾಸಿ, ಎಲ್ಲಿ ಎಷ್ಟು ಒತ್ತಡ ಬೀಳುತ್ತಿದೆ ಎಂದು ನೋಡುತ್ತೇವೆ. ಸೊಂಟಕ್ಕೊಂದು ಪುಟ್ಟ ಡಬ್ಬಿ ಕಟ್ಟಿದರೆ ಸರಿ. ಅವರು ನಡೆಯುತ್ತಿದ್ದಂತೆ ಸ್ಕ್ರೀನ್ ಮೇಲೆ ಪಾದದ ಬಣ್ಣದ ಚಿತ್ರ ಮೂಡುತ್ತದೆ. ಹೊಸದರಲ್ಲಿ ನಾನು ಆ ಬಣ್ಣಗಳನ್ನು ಕಣ್ಣುಮುಚ್ಚಿ ನಂಬುತ್ತಿದ್ದೆ.

ಒಬ್ಬ ಹಿರಿಯರು ಬಂದಿದ್ದರು. ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿ ಮಾಯ್ದ ಕಲೆ. ಆ ಜಾಗದಲ್ಲಿ ಅಳತೆ 300 ಕಿಲೋಪಾಸ್ಕಲ್. ಇಂಥ ಪಾದಕ್ಕೆ ಶೂ ಒಳಗಿನ ಒತ್ತಡ 200ರ ಕೆಳಗೆ ಬರಬೇಕು, ಇಲ್ಲವೇ 30%ನಷ್ಟಾದರೂ ಇಳಿಯಬೇಕು ಎಂಬುದು ಗುರಿ. ಭಾರ ಹಂಚಲೆಂದು ಶೂ ಒಳಗೆ ಪುಟ್ಟ ಪ್ಯಾಡ್ ಅಂಟಿಸಿ ಮತ್ತೆ ನಡೆಸಿದೆ. 208! ಇಳಿಕೆ 30% ದಾಟಿತ್ತು. ಖುಷಿಯಲ್ಲಿ ವರದಿ ಬರೆಯಲು ಕೂತೆ.

ನಮ್ಮ ಸೀನಿಯರ್ ಬಣ್ಣದ ಚಿತ್ರದ ಕಡೆ ನೋಡಲೇ ಇಲ್ಲ. ಕೆಳಗಿನ ಸಮಯದ ಗೆರೆ ತೋರಿಸಿ, "ಇದನ್ನ ನೋಡಿದ್ಯಾ?" ಅಂದರು. ಮೊದಲ ಸಲ ಪ್ರತಿ ಹೆಜ್ಜೆಗೂ ಪಾದ ನೆಲದ ಮೇಲೆ ಸುಮಾರು 0.68 ಸೆಕೆಂಡ್ ಇತ್ತು. ಎರಡನೇ ಸಲ 0.85. ಯಜಮಾನರನ್ನು ಕೇಳಿದರೆ, "ಅಂಟಿಸಿದ್ದು ಕಿತ್ತುಬಂದೀತು ಅಂತ ಹುಷಾರಾಗಿ ಕಾಲಿಟ್ಟೆ ಕಣಮ್ಮ" ಅಂದರು!

ನಿಧಾನ ನಡೆದರೆ ಒತ್ತಡ ತಾನಾಗಿಯೇ ಇಳಿಯುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಓದಿದ್ದೆ. ಹೊಳೆಯಬೇಕಾದ ಹೊತ್ತಿಗೆ ಹೊಳೆಯಲಿಲ್ಲ ಅಷ್ಟೆ.

ಸ್ಟಾಪ್‌ವಾಚ್ ಹಿಡಿದು ಮೊದಲಿನ ವೇಗಕ್ಕೇ ನಡೆಸಿದಾಗ 240 ಬಂತು. ಪ್ಯಾಡ್ ತೆಗೆದು ನೋಡಿದರೆ ಅದು ಹೆಬ್ಬೆರಳ ಬುಡದ ಮೂಳೆಯ ತುದಿಯ ನೇರ ಕೆಳಗೇ ಕೂತಿತ್ತು. ಅದಿರಬೇಕಾದದ್ದು ತುದಿಗಿಂತ ತುಸು ಹಿಂದೆ, ಹಿಮ್ಮಡಿಯ ಕಡೆಗೆ. ಆಗಲೇ ಭಾರ ಅತ್ತ ಹಂಚಿಹೋಗುವುದು. ಅರ್ಧ ಸೆಂಟಿಮೀಟರ್ ಸರಿಸಿ, ಅದೇ ವೇಗದಲ್ಲಿ ಅಳೆದೆವು: 195.

ಅಂದಿನಿಂದ ನನ್ನ ಹಾಳೆಯಲ್ಲಿ ವೇಗಕ್ಕೊಂದು ಕಾಲಂ ಇದೆ. ಎರಡೂ ಸಲ ಅದೇ ಸಾಕ್ಸ್. ಅಳೆಯುವ ಮುಂಚೆ ಐದಾರು ನಿಮಿಷ ಸುಮ್ಮನೆ ನಡೆದಾಡಿಸುತ್ತೇನೆ, ಶೂ ಒಳಗಿನ ಬಿಸಿಗೆ ಸೆನ್ಸರ್ ಹೊಂದಿಕೊಳ್ಳಲಿ ಎಂದು. ಕಾಲು ಮೇಲೆತ್ತಿಸಿ ಸೆನ್ಸರ್ ಅಳತೆಯನ್ನು ಸೊನ್ನೆಗೆ ತರುವುದು ಆಮೇಲೆ. ಶುರುವಿನ, ಕೊನೆಯ ಹೆಜ್ಜೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅವತ್ತು ಎಲ್ಲ ಮುಗಿದು ಸಾಕ್ಸ್ ಬಿಚ್ಚಿದಾಗ ಕಿರುಬೆರಳ ಪಕ್ಕ ಸಣ್ಣಗೆ ಕೆಂಪಗಾಗಿತ್ತು, ಶೂ ಉಜ್ಜಿದ ಗುರುತು. ನಮ್ಮ ಹಾಳೆ ಅಳೆಯುವುದು ಅಂಗಾಲು ನೇರ ಕೆಳಗೆ ಒತ್ತುವುದನ್ನು ಮಾತ್ರ, ಉಜ್ಜುವುದನ್ನಲ್ಲ. ಸ್ಕ್ರೀನಿನಲ್ಲಿ ಆ ಜಾಗ ತಣ್ಣಗೆ ನೀಲಿಯಾಗಿತ್ತು, ಒತ್ತಡ ಕಡಿಮೆ ಎನ್ನುವಂತೆ. ಇನ್ನಷ್ಟು ಅಗಲದ ಶೂ ಬರೆದುಕೊಟ್ಟೆವು.