ಗಾದಿಯ ಹತ್ತಿ, ಮೇಲುಹಾಸಿನ ನೂಲು

ಯುಗಾದಿ ಮುಗಿದ ಮರುವಾರ ಧಾರವಾಡದ ನಮ್ಮ ಮನೆಯ ಹಿಂದಿನ ಕೋಣೆಯನ್ನು ಅವ್ವನ ಮಲಗುವ ಕೋಣೆಯಾಗಿ ಮಾರ್ಪಡಿಸಿದೆವು. ಮೊಣಕಾಲು ನೋವಿನಿಂದ ಮಹಡಿ ಹತ್ತುವುದು ಅವಳಿಗೆ ಆಗುತ್ತಿರಲಿಲ್ಲ. ನೆಲದ ಮೇಲೆ ಚಾಪೆ, ಅದರ ಮೇಲೆ ಜಮಖಾನ, ಅದರ ಮೇಲೊಂದು ತೆಳು ಗಾದಿ ಹಾಸಿಕೊಂಡು ಮಲಗುವ ಹಳೆಯ ಅಭ್ಯಾಸವನ್ನು ವೈದ್ಯರು ಬಿಡಿಸಿದ್ದರು. ಅವ್ವ ಕೇಳಿದ್ದು ಒಂದೇ ಮಾತು, ಹಾಸಿಗೆ ಮೆತ್ತಗಿರಬೇಕು ಎಂದು. ಒಂದು ಭಾನುವಾರದ ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವೆಂದು ನಾನು ಒಪ್ಪಿಕೊಂಡೆ. ಅದು ಮುಗಿಯುವ ಹೊತ್ತಿಗೆ ಶ್ರಾವಣ ಬಂದಿತ್ತು.

ಮೊದಲು ಹೋದದ್ದು ಮ್ಯಾಟ್ರೆಸ್ ಅಂಗಡಿಗೆ. ಅಲ್ಲಿ ಎಲ್ಲರೂ ಮಾಡುವಂತೆ ನಾನೂ ಅಂಗೈಯಿಂದ ಒತ್ತಿ ನೋಡಿದೆ; ಕೈಯ ಅಚ್ಚು ಒಂದು ಗಳಿಗೆ ಉಳಿದು ನಿಧಾನವಾಗಿ ಮೇಲೆದ್ದು ಬಂದಾಗ ಮನಸ್ಸು ಅಲ್ಲಿಯೇ ಸೋತಿತು. ಅದು ಮೆಮೊರಿ ಫೋಮ್. ಅಮೆರಿಕದ ನಾಸಾ ಸಂಸ್ಥೆಯ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ 1966ರಲ್ಲಿ ವಿಮಾನದ ಆಸನಗಳಿಗೆಂದು ರೂಪಿಸಿದ ಈ ಪದಾರ್ಥದ ಗುಣವೇನೆಂದರೆ, ಮೈಯ ಬಿಸಿ ತಾಗಿದಲ್ಲಿ ಅದು ಇನ್ನಷ್ಟು ಮೆದುವಾಗುತ್ತದೆ, ತಣ್ಣಗಿರುವಾಗ ಬಿಗಿಯಾಗಿರುತ್ತದೆ. ಅಂಗಡಿಯ ಎಸಿಯಲ್ಲಿ ಇದು ಹಿತವಾಗಿಯೇ ಇರುತ್ತದೆ. ಆದರೆ ಕರೆಂಟು ಹೋದ ಏಪ್ರಿಲ್ ರಾತ್ರಿಯಲ್ಲಿ ಮೈಯನ್ನು ಸುತ್ತುವರಿದು ತನ್ನೊಳಗೆ ಎಳೆದುಕೊಳ್ಳುವ ಹಾಸಿಗೆ ಹೇಗಿದ್ದೀತು ಎಂಬುದನ್ನು ನಾನು ಯೋಚಿಸಿರಲಿಲ್ಲ. ಅವ್ವ ಅದರ ಮೇಲೆ ಕುಳಿತು, ಏಳಲು ಎರಡು ಸಲ ಪ್ರಯತ್ನಿಸಿ, "ಇದರಾಗಿಂದ ಏಳಾಕ ಇನ್ನೊಬ್ಬರು ಬೇಕಲ್ಲೋ ತಮ್ಮಾ" ಎಂದಳು. ಮೊಣಕಾಲು ನೋಯುವವರಿಗೆ ಮಲಗುವುದಕ್ಕಿಂತ ಏಳುವುದೇ ದೊಡ್ಡ ಕೆಲಸ. ಹುಗಿಯುವ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದಕ್ಕೂ ಬಲ ಹಾಕಬೇಕು.

ಮೆತ್ತಗಿರುವುದು ಬೇರೆ, ಕುಸಿಯುವುದು ಬೇರೆ ಎಂಬುದು ಅಂದು ನನಗೆ ಸ್ಪಷ್ಟವಾಯಿತು. ಚರ್ಮಕ್ಕೆ ಬೇಕಾದ ಮೃದುತ್ವವನ್ನು ಬಟ್ಟೆ ಕೊಡಬೇಕು, ಭುಜ ಮತ್ತು ಸೊಂಟದ ಎಲುಬಿಗೆ ಬೇಕಾದದ್ದನ್ನು ಗಾದಿಯ ಮೇಲ್ಪದರ ಕೊಡಬೇಕು, ಬೆನ್ನಿಗೆ ಬೇಕಾದ ಗಟ್ಟಿತನ ಕೆಳಗಿನಿಂದ ಬರಬೇಕು. ಈ ಮೂರನ್ನೂ ಒಂದೇ ವಸ್ತುವಿನಲ್ಲಿ ಹುಡುಕಿದ್ದರಿಂದಲೇ ಅಷ್ಟು ಅಂಗಡಿ ಸುತ್ತಬೇಕಾಯಿತು. ಕೊನೆಗೆ ಕೆಳಗೆ ನಾಲ್ಕು ಇಂಚಿನ ಕಾಯರ್ ಹಾಸಿಗೆ, ಅಂದರೆ ತೆಂಗಿನ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ ಒತ್ತಿ ಮಾಡಿದ್ದು, ಅದರ ಮೇಲೆ ಮೂರು ಇಂಚಿನ ಹತ್ತಿಯ ಗಾದಿ ಎಂದು ತೀರ್ಮಾನಿಸಿದೆ. ಅವ್ವ ಮಂಚದ ಅಂಚಿನಲ್ಲಿ ಕುಳಿತಾಗ ಪಾದಗಳು ಪೂರ್ತಿ ನೆಲಕ್ಕೆ ತಾಗುವಂತೆ ಮಂಚದ ಕಾಲುಗಳನ್ನು ಬಡಗಿಯಿಂದ ಎರಡು ಇಂಚು ಕತ್ತರಿಸಿಸಿದೆವು. ಇಡೀ ಪ್ರಯತ್ನದಲ್ಲಿ ಅತ್ಯಂತ ಅಗ್ಗವಾದ ಮತ್ತು ಅತ್ಯಂತ ಉಪಯುಕ್ತವಾದ ಕೆಲಸ ಅದೇ ಆಗಿತ್ತು.

ಗಾದಿ ಕಾರಖಾನೆಯಲ್ಲಿ ನಾನು ನನ್ನ ತಿಳಿವಳಿಕೆಯನ್ನು ಪ್ರದರ್ಶಿಸಲು ಹೋಗಿ ಸೋತೆ. ಧಾರವಾಡದವರಿಗೆ ಹತ್ತಿಯ ಬಗ್ಗೆ ಸ್ವಲ್ಪ ಜಂಬ ಇರುವುದು ಸಹಜ; 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಡಿಸಿಎಚ್ 32 ಎಂದು ಹೆಸರಾದ ಜಯಲಕ್ಷ್ಮಿ ತಳಿಗಳು ಹೊರಬಂದದ್ದು ಇಲ್ಲಿನ ಸಂಶೋಧಕರ ಕೈಯಿಂದಲೇ, ಮತ್ತು ಡಿಸಿಎಚ್‌ನಲ್ಲಿರುವ ಡಿ ಎಂದರೆ ಧಾರವಾಡವೇ. ಆದ್ದರಿಂದ ಉದ್ದ ಎಳೆಯ ನಯವಾದ ಹತ್ತಿಯನ್ನೇ ತುಂಬಿರಿ ಎಂದು ಕೇಳಿದೆ. ತುಂಬುವವರು ನಕ್ಕು, ಎರಡು ಬಗೆಯ ಹತ್ತಿಯನ್ನು ನನ್ನ ಎರಡು ಮುಷ್ಟಿಗಳಲ್ಲಿಟ್ಟು ಹಿಡಿದು ಬಿಡಲು ಹೇಳಿದರು. ನಯವಾದದ್ದು ಮುದ್ದೆಯಾಗಿಯೇ ಉಳಿಯಿತು. ಗಿಡ್ಡ ಎಳೆಯ, ತುಸು ಒರಟಾದ ದೇಶಿ ಹತ್ತಿ ಮುಷ್ಟಿ ಬಿಚ್ಚಿದೊಡನೆ ಉಬ್ಬಿಕೊಂಡು ನಿಂತಿತು. ನೂಲಿಗೆ ಒಳ್ಳೆಯದಾದ ಹತ್ತಿ ಗಾದಿಗೆ ಒಳ್ಳೆಯದಲ್ಲ, ಒರಟು ಎಳೆಗೆ ಪುಟಿಯುವ ಗುಣವಿರುವುದರಿಂದ ಅದು ಬೇಗ ಚಪ್ಪಟೆಯಾಗುವುದಿಲ್ಲ ಎಂಬ ಪಾಠ ಹೀಗೆ ಆಯಿತು. ಬಣ್ಣದ ಎಳೆಗಳು ಅಲ್ಲಲ್ಲಿ ಕಾಣುವ ಹತ್ತಿಯನ್ನು ಮಾತ್ರ ಬೇಡವೆನ್ನಬೇಕು. ಅದು ಹಳೆಯ ಬಟ್ಟೆಯ ಚಿಂದಿಯನ್ನು ಯಂತ್ರದಲ್ಲಿ ಹಿಂಜಿ ಬೆರೆಸಿದ್ದು, ಒಂದೇ ವರ್ಷದಲ್ಲಿ ಗಂಟುಗಟ್ಟುತ್ತದೆ.

ಅವ್ವನ ಗಾದಿಗೆ 12 ಕಿಲೋ ಹತ್ತಿ ಹಿಡಿಯಿತು. ನಾನು ಚಿಕ್ಕವನಿದ್ದಾಗ ಪಿಂಜಾರರು ಉದ್ದನೆಯ ಬಿಲ್ಲನ್ನು ಹೊತ್ತು ಓಣಿಗೆ ಬಂದು, ಅಂಗಳದಲ್ಲಿಯೇ ಹಳೆಯ ಗಾದಿ ಬಿಚ್ಚಿ, ಬಿಲ್ಲಿನ ಹುರಿಯನ್ನು ಮಿಡಿಯುತ್ತ ಹತ್ತಿ ಹಿಂಜುತ್ತಿದ್ದರು. ಆ ಝೇಂಕಾರ ಕೇಳಿದರೆ ಆ ದಿನ ಕೆಮ್ಮು ಖಂಡಿತ ಎಂದು ಅವ್ವ ಬಾಗಿಲು ಮುಚ್ಚುತ್ತಿದ್ದಳು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಹತ್ತಿಯ ಗಾದಿಯ ದೊಡ್ಡ ಅನುಕೂಲ ಇಂದಿಗೂ ಇದೇ: ಕೆಲವು ವರ್ಷಗಳಿಗೊಮ್ಮೆ ಬಿಚ್ಚಿ, ಹಿಂಜಿಸಿ, ಸ್ವಲ್ಪ ಹೊಸ ಹತ್ತಿ ಸೇರಿಸಿ ಮತ್ತೆ ಹೊಲಿಸಬಹುದು. ಅನನುಕೂಲವೂ ಇದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಅದು ತೇವ ಹೀರಿ ಭಾರವಾಗುತ್ತದೆ, ಬಿಸಿಲು ಕಂಡ ದಿನ ಮಾಳಿಗೆಗೆ ಹೊತ್ತೊಯ್ಯಲು ಮನೆಯಲ್ಲೊಬ್ಬ ಗಟ್ಟಿಗ ಬೇಕು.

ನಾನು ಹಣ ಕಳೆದುಕೊಂಡದ್ದು ಮೇಲುಹಾಸಿನಲ್ಲಿ. ಆನ್‌ಲೈನ್‌ನಲ್ಲಿ 1000 ಥ್ರೆಡ್ ಕೌಂಟ್ ಎಂದು ಬರೆದಿದ್ದ ಒಂದು ಬೆಡ್‌ಶೀಟನ್ನು ತರಿಸಿದೆ. ಥ್ರೆಡ್ ಕೌಂಟ್ ಎಂದರೆ ಒಂದು ಚದರ ಇಂಚು ಬಟ್ಟೆಯಲ್ಲಿರುವ ಹಾಸು ಮತ್ತು ಹೊಕ್ಕು ಎಳೆಗಳ ಒಟ್ಟು ಸಂಖ್ಯೆ. ಒಂಟಿ ಎಳೆಯ ಹತ್ತಿ ನೂಲನ್ನು ಎಷ್ಟೇ ಒತ್ತಾಗಿ ನೇಯ್ದರೂ ಒಂದಿಂಚಿನಲ್ಲಿ ಸಾವಿರ ಎಳೆಗಳಿಗೆ ಜಾಗವಿರುವುದಿಲ್ಲ. ಎರಡು ಮೂರು ಸಣ್ಣ ಎಳೆಗಳನ್ನು ಹುರಿಗೊಳಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಎಣಿಸಿದಾಗ ಮಾತ್ರ ಅಂಥ ಅಂಕಿ ಹುಟ್ಟುತ್ತದೆ. ಬಂದ ಬೆಡ್‌ಶೀಟು ರೇಷ್ಮೆಯಂತೆ ಜಾರುತ್ತಿತ್ತು. ಎರಡು ರಾತ್ರಿ ಅವ್ವ ಬೆವರಿದ ಮೇಲೆ ಅಂಚಿನಿಂದ ಒಂದು ಎಳೆ ಎಳೆದು ಕಡ್ಡಿ ಗೀರಿದೆ. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕಾದದ್ದು ಕರಗಿ ಗಟ್ಟಿ ಮಣಿಯಾಯಿತು, ಅಂದರೆ ಅದರಲ್ಲಿ ಪಾಲಿಯೆಸ್ಟರ್ ಇತ್ತು. ಹತ್ತಿ ತನ್ನ ಒಣ ತೂಕದ ಸುಮಾರು ಶೇ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್‌ನಲ್ಲಿ ಆ ಪ್ರಮಾಣ ಶೇ 0.4 ಮಾತ್ರ. ಬೆವರು ಹೋಗುವುದಾದರೂ ಎಲ್ಲಿಗೆ? ಮಾರಿದವರು ಹಣವನ್ನು ಹಿಂದಿರುಗಿಸಲಿಲ್ಲ. ಆ ಬೆಡ್‌ಶೀಟು ಈಗ ಸ್ಕೂಟರಿನ ಹೊದಿಕೆ.

ಎರಡನೆಯ ಸಲ ಕೈಯಿಂದ ಮುಟ್ಟಿ, ಬೆಳಕಿಗೆ ಹಿಡಿದು ಕೊಂಡೆ. ಒಂದು ಎಳೆಯ ಮೇಲೆ, ಒಂದರ ಕೆಳಗೆ ಎಂದು ಸಾದಾ ನೇಯ್ಗೆಯಲ್ಲಿ ಬರುವ ಪರ್ಕೇಲ್ ಬಟ್ಟೆ ಮೊದಲು ತುಸು ಗರಿಗರಿಯಾಗಿರುತ್ತದೆ, ಗಾಳಿಯಾಡುತ್ತದೆ. ಹೊಕ್ಕಿನ ಎಳೆ ಹಲವು ಹಾಸಿನ ಎಳೆಗಳನ್ನು ಹಾರಿ ಹೋಗುವ ಸ್ಯಾಟೀನ್ ನೇಯ್ಗೆ ನಯವಾಗಿ ಹೊಳೆಯುತ್ತದೆ, ಆದರೆ ಹೆಚ್ಚು ಬೆಚ್ಚಗಿರುತ್ತದೆ, ಬಳೆಗೂ ಕಾಲುಂಗುರಕ್ಕೂ ಸಿಕ್ಕಿ ಎಳೆ ಕೀಳುತ್ತದೆ. ಬಳೆ ತೊಟ್ಟ ಅವ್ವನಿಗೆ ನಾನು ಆರಿಸಿದ್ದು 210 ಥ್ರೆಡ್ ಕೌಂಟಿನ ಪರ್ಕೇಲ್. ಅಂಗಡಿಯಲ್ಲಿ ಅದಕ್ಕಿಂತ ಮೆತ್ತಗಿನ ಬಟ್ಟೆಗಳಿದ್ದವು. ಆದರೆ ಆ ಮೆತ್ತನೆಯ ಬಹುಪಾಲು ಕಾರ್ಖಾನೆಯಲ್ಲಿ ಹಚ್ಚಿದ ಸಿಲಿಕೋನ್ ಲೇಪದ್ದಾಗಿದ್ದು, ಒಗೆದಂತೆಲ್ಲ ಹೋಗಿಬಿಡುತ್ತದೆ. ಒಳ್ಳೆಯ ಹತ್ತಿಯದು ಇದಕ್ಕೆ ವಿರುದ್ಧವಾದ ದಾರಿ, ಒಗೆದಂತೆಲ್ಲ ಅದು ಮೆದುವಾಗುತ್ತದೆ.

ಅಳತೆಯ ಲೆಕ್ಕವನ್ನೂ ಮನೆಯಲ್ಲಿಯೇ ಹಾಕಿಕೊಂಡು ಹೋಗಬೇಕು. ಅವ್ವನ ಮಂಚ 48 ಇಂಚು ಅಗಲ, 72 ಇಂಚು ಉದ್ದ. ಹಾಸಿಗೆಯ ಎತ್ತರ 7 ಇಂಚು. 90ಕ್ಕೆ 100 ಇಂಚಿನ ಬೆಡ್‌ಶೀಟಿನಲ್ಲಿ ತಲೆ ಮತ್ತು ಕಾಲಿನ ಕಡೆ ಕೆಳಗೆ ಸಿಕ್ಕಿಸಲು ತಲಾ 7 ಇಂಚು ಉಳಿಯಿತು, ಒಗೆದಾಗ 5 ಇಂಚು ಕುಗ್ಗಿದರೂ ನಾಲ್ಕೂವರೆ ಇಂಚು ಇದೆ. ಅದಕ್ಕಿಂತ ಕಡಿಮೆಯಾದರೆ ಬೆಳಗಾಗುವಷ್ಟರಲ್ಲಿ ಬಟ್ಟೆ ಬೆನ್ನಡಿ ಮುದುಡಿರುತ್ತದೆ.

ಹೊದೆಯಲು ಏನನ್ನೂ ಕೊಳ್ಳಲು ಅವ್ವ ಬಿಡಲಿಲ್ಲ. ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಹೊಲಿದ ಕೌದಿಗಳು ಟ್ರಂಕಿನಲ್ಲಿದ್ದವು. ಅವುಗಳಲ್ಲೊಂದು ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಗಳೊಬ್ಬಳು ಹೊಲಿದದ್ದು. ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವ ಅದರ ಹೊಲಿಗೆಗೆ ನಾಲ್ಕು ಮೂಲೆಗಳಲ್ಲೂ ಬಣ್ಣದ ಬಟ್ಟೆಯನ್ನು ಮಡಿಸಿ ಮಾಡಿದ ಹೂವುಗಳಿವೆ. ನೂರಾರು ಸಲ ಒಗೆದ ಸೀರೆಯ ಮೃದುತ್ವವನ್ನು ಯಾವ ಅಂಗಡಿಯೂ ಹೊಸದಾಗಿ ಮಾರಲಾರದು. ಚಳಿಗಾಲಕ್ಕೆ ಕೌದಿಯ ಮೇಲೆ ಕಂಬಳಿ ಹೊದೆಯುತ್ತಾಳೆ. ಹುಣಸೆ ಬೀಜದ ಗಂಜಿ ಕುಡಿದ ಆ ಕರಿ ಉಣ್ಣೆ ಮೈಗೆ ಚುಚ್ಚುವಂಥದ್ದೇ, ಆದರೆ ನಡುವೆ ಕೌದಿ ಇರುವಾಗ ಬೆಚ್ಚನೆ ಮಾತ್ರ ಮೈಗೆ ತಲುಪುತ್ತದೆ.

ದಿಂಬಿನ ಪ್ರಶ್ನೆ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಬೂರುಗದ ಅರಳೆಯ ಎಳೆ ಒಳಗೆ ಟೊಳ್ಳಾಗಿರುವುದರಿಂದ ಅದರ ದಿಂಬು ಹಗುರ, ತಲೆಗೆ ತಂಪು. ಆದರೆ ಎಳೆ ಪೆಡಸಾಗಿರುವುದರಿಂದ ಕಾಲಕ್ರಮದಲ್ಲಿ ಪುಡಿಯಾಗುತ್ತ ದಿಂಬು ಚಪ್ಪಟೆಯಾಗುತ್ತದೆ. ಮಗ್ಗುಲಾಗಿ ಮಲಗುವ ಅವ್ವನಿಗೆ ಕಿವಿಯಿಂದ ಭುಜದ ತುದಿಯವರೆಗಿನ ಎತ್ತರ ತುಂಬುವ ದಿಂಬು ಬೇಕು, ಹೊಸ ಬೂರುಗದ ದಿಂಬು ಅಷ್ಟು ಎತ್ತರ ಇದೆ, ಹಳೆಯದು ಇಲ್ಲ. ಸದ್ಯಕ್ಕೆ ಹೊಸದರ ಮೇಲೆ ಹಳೆಯ ಗವಸನ್ನೇ ಹಾಕಿ ಕೊಟ್ಟಿದ್ದೇನೆ. ಅವಳು ಅದನ್ನು ಮಧ್ಯಾಹ್ನಕ್ಕೆ ಬಳಸುತ್ತಾಳೆ, ರಾತ್ರಿ ಮಾತ್ರ ಹಳೆಯ ದಿಂಬನ್ನು ಎರಡು ಮಡಿಕೆ ಮಾಡಿಕೊಂಡು ಮಲಗುತ್ತಾಳೆ.