ನಾಲ್ಕು ತಿಂಗಳ ಸೊನ್ನೆ

ಅಮ್ಮನ ಶಸ್ತ್ರಚಿಕಿತ್ಸೆಯಾದ ವರ್ಷ, ಮೇ ತಿಂಗಳಿಂದ ಆಗಸ್ಟ್‌ವರೆಗೆ ನಾನು ಒಂದು ಕೌದಿಯನ್ನೂ ಮಾರಲಿಲ್ಲ. ಹೊಲಿಗೆಯಂತ್ರಕ್ಕೆ ಹೊದಿಸಿದ್ದ ಹಳೆಯ ಸೀರೆಯನ್ನು ತೆಗೆದದ್ದೇ ಸೆಪ್ಟೆಂಬರಿನಲ್ಲಿ. ಮಾರಾಟವಿಲ್ಲ, ತೆರಿಗೆಯೂ ಇಲ್ಲ. ಇಲಾಖೆಗೆ ಹೇಳುವುದಾದರೂ ಏನಿದೆ ಎಂದುಕೊಂಡು ಸುಮ್ಮನಿದ್ದೆ.

ಹೊರರಾಜ್ಯದ ಗಿರಾಕಿಗಳಿಗೂ ಆನ್‌ಲೈನ್‌ನಲ್ಲಿ ಮಾರಲೆಂದು ಜಿಎಸ್‌ಟಿ ನೋಂದಣಿ ಮಾಡಿಸಿದ್ದೆ. ನೋಂದಣಿ ಇರುವವರೆಗೆ ವಹಿವಾಟು ನಡೆಯಲಿ, ಬಿಡಲಿ, ರಿಟರ್ನ್ ಸಲ್ಲಿಸಲೇಬೇಕು. ನನ್ನಂತೆ ತಿಂಗಳಿಗೊಮ್ಮೆ ಸಲ್ಲಿಸುವವರಿಗೆ 3ಬಿ ರಿಟರ್ನ್‌ನ, ಅಂದರೆ ತಿಂಗಳ ಮಾರಾಟ-ತೆರಿಗೆಯ ಒಟ್ಟು ಲೆಕ್ಕದ, ಗಡುವು ಮುಂದಿನ ತಿಂಗಳ 20. ಶೂನ್ಯ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ಶುಲ್ಕ, ಒಂದು ರಿಟರ್ನ್‌ಗೆ ಗರಿಷ್ಠ 500. ಅಕ್ಟೋಬರ್ 18ರಂದು ನಾನು ಎಚ್ಚೆತ್ತಾಗ ನಾಲ್ಕೂ ತಿಂಗಳು ಆ ಮಿತಿಯನ್ನು ಮುಟ್ಟಿದ್ದವು. ಒಂದು ರೂಪಾಯಿಯೂ ತೆರಿಗೆ ಬಾಕಿಯಿಲ್ಲದ ನಾನು 2,000 ರೂಪಾಯಿ ಕಟ್ಟಿದೆ. ಇನ್ನೂ ಎರಡು ತಿಂಗಳು ತಡಮಾಡಿದ್ದರೆ ನೋಂದಣಿಯೇ ರದ್ದಾಗುವ ಹಾದಿ ಹಿಡಿಯುತ್ತಿತ್ತು. ಸತತ ಆರು ತಿಂಗಳು ಸಲ್ಲಿಸದವರ ನೋಂದಣಿಯನ್ನು ಅಧಿಕಾರಿ ರದ್ದು ಮಾಡಬಹುದು.

ನನಗೆ ಇಂದಿಗೂ ಸಿಟ್ಟು ಬರುವುದು ಹಣದ ಬಗ್ಗೆ ಅಲ್ಲ. ಹದಿನೈದು ದಿನದೊಳಗೆ ಸಲ್ಲಿಸಿ ಎಂಬ ನೋಟಿಸ್ ಪ್ರತಿ ಬಾರಿಯೂ ಬಂದಿತ್ತು, ಆದರೆ ನನಗಲ್ಲ. ನೋಂದಣಿಯ ದಿನ ತೆರಿಗೆ ಸಲಹೆಗಾರರು ತಮ್ಮದೇ ಮೊಬೈಲ್ ಸಂಖ್ಯೆ, ಇಮೇಲ್ ತುಂಬಿದ್ದರು. ‘ನಿಮಗೇಕೆ ತಲೆನೋವು’ ಎಂದಿದ್ದರು, ನಾನು ಒಪ್ಪಿದ್ದೆ. ದಯವಿಟ್ಟು ಇವತ್ತೇ ಪೋರ್ಟಲ್ ತೆರೆದು ಅಲ್ಲಿ ಯಾರ ಸಂಖ್ಯೆಯಿದೆ ಎಂದು ನೋಡಿ. ಬದಲಿಸಲು ಅಧಿಕಾರಿಯ ಒಪ್ಪಿಗೆ ಬೇಕಿಲ್ಲ, ಒಟಿಪಿ ಸಾಕು.

ನಿಮ್ಮ ಸಂಖ್ಯೆ ಅಲ್ಲಿದ್ದರೆ ಶೂನ್ಯ ರಿಟರ್ನ್‌ಗೆ ಯಾರ ನೆರವೂ ಬೇಡ. 2020ರಿಂದ ಇದನ್ನು ಎಸ್‌ಎಂಎಸ್‌ನಲ್ಲೇ ಸಲ್ಲಿಸಬಹುದು. ಇಂಗ್ಲಿಷಿನಲ್ಲಿ ‘ನಿಲ್’, ‘3ಬಿ’, ಜಿಎಸ್‌ಟಿ ಸಂಖ್ಯೆ, ತಿಂಗಳು ಮತ್ತು ವರ್ಷ ಬರೆದು 14409ಕ್ಕೆ ಕಳುಹಿಸಿದರೆ ಆರಂಕಿಯ ಸಂಕೇತ ಬರುತ್ತದೆ. ಅರ್ಧ ಗಂಟೆಯೊಳಗೆ ಅದರಿಂದ ದೃಢಪಡಿಸಬೇಕು. ಇದಕ್ಕೂ ಮೊದಲು ಆ ತಿಂಗಳ ಮಾರಾಟದ ವಿವರದ ರಿಟರ್ನ್ ಜಿಎಸ್‌ಟಿಆರ್-1 ಹೋಗಿರಬೇಕು, ಅದಕ್ಕೂ ಇದೇ ದಾರಿ. ಒಂದು ಎಚ್ಚರಿಕೆ: ಮಾರಾಟವಿಲ್ಲದಿದ್ದರೂ ನೂಲು, ಬಟ್ಟೆ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಜಮೆಯಾಗಿ (ಇನ್‌ಪುಟ್ ಕ್ರೆಡಿಟ್) ಪಡೆಯಬೇಕಿದ್ದರೆ ಅದು ಶೂನ್ಯವಲ್ಲ. ಹಿಂದಿನ ತಿಂಗಳ ತಡದ ಶುಲ್ಕ ಬಾಕಿಯಿದ್ದರೂ ಎಸ್‌ಎಂಎಸ್ ನಡೆಯದು.

ಈ ಫೆಬ್ರುವರಿಯಲ್ಲಿ ಅಮ್ಮನಿಗೆ ಮತ್ತೆ ಆಸ್ಪತ್ರೆ, ಮತ್ತೆ ಮಾರಾಟವಿಲ್ಲ. ಮಾರ್ಚ್ 1ರ ಬೆಳಿಗ್ಗೆ ಅವಳ ಮಂಚದ ಪಕ್ಕ ಕುಳಿತೇ ಎರಡೂ ಸಂದೇಶ ಕಳುಹಿಸಿದೆ. ಬಂದ ಸ್ವೀಕೃತಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಅವಳ ಔಷಧಿಯ ದಿನಗಳ ಕೆಳಗೆ ಬರೆದಿಟ್ಟಿದ್ದೇನೆ.