ಸ್ಟುಡಿಬೇಕರ್: ಸೌತ್ ಬೆಂಡ್ ಎಂಬ ಊರು, ನೂರು ವರ್ಷದ ಒಂದು ಕಾರ್ಖಾನೆ

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ನೋಡಿ ಬಂದವರಿಗೆ ಅಲ್ಲಿರುವ 1929ರ ಸ್ಟುಡಿಬೇಕರ್ ಪ್ರೆಸಿಡೆಂಟ್ ನೆನಪಿರಬಹುದು. ಗಾಂಧೀಜಿಯವರು ಹಿಂದಿನ ಮೈಸೂರು ಸಂಸ್ಥಾನದ ಪ್ರವಾಸದಲ್ಲಿ ಬಳಸಿದ ಕಾರು ಎಂಬ ಕಾರಣಕ್ಕೆ ಅದಕ್ಕೆ ಅಲ್ಲಿ ವಿಶೇಷ ಗೌರವ. ಎಂಟು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದ ಎಂಜಿನ್ ಅದರದ್ದು. ಆದ್ದರಿಂದಲೇ ಅದರ ಮುಂಭಾಗ ಅಷ್ಟು ಉದ್ದ. ಸ್ವಾತಂತ್ರ್ಯದ ಹೊಸದರಲ್ಲಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆ ಇದೇ ಹೆಸರಿನ ಕಾರುಗಳನ್ನು ನಮ್ಮ ದೇಶದಲ್ಲೇ ಜೋಡಿಸಿ ಮಾರುತ್ತಿತ್ತು. ಆ ಹೆಸರು ಹುಟ್ಟಿ ಬೆಳೆದ ಊರು ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್; ಷಿಕಾಗೊದಿಂದ ಪೂರ್ವಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿರುವ ಈ ಊರೇ ಈಗ ನನ್ನ ವಾಸಸ್ಥಳ.

ಹೊರಗಿನವರಿಗೆ ಸೌತ್ ಬೆಂಡ್ ಎಂದರೆ ನೋಟರ್ ಡೇಮ್ ವಿಶ್ವವಿದ್ಯಾಲಯ. ನಮ್ಮ ಕನ್ನಡದ ಹುಡುಗ ಹುಡುಗಿಯರು ಇಲ್ಲಿಗೆ ಬಂದರೂ ಓದಿಗಾಗಿ ಬರುತ್ತಾರೆ, ಓದು ಮುಗಿಸಿ ಹೊರಡುತ್ತಾರೆ. ಊರಿನ ಹಿರಿಯರನ್ನು ಮಾತಿಗೆಳೆದರೆ ಮಾತ್ರ ಇನ್ನೊಂದು ಸೌತ್ ಬೆಂಡ್ ಎದುರಾಗುತ್ತದೆ. ಅವರು ಕಾಲವನ್ನು ಅಳೆಯುವುದೇ ಬೇರೆ ರೀತಿಯಲ್ಲಿ: ಸ್ಟುಡಿಬೇಕರ್ ಮುಚ್ಚುವುದಕ್ಕೆ ಮೊದಲು, ಮುಚ್ಚಿದ ಮೇಲೆ. ಆ ಕಾರ್ಖಾನೆ ಏಕೆ ಮುಚ್ಚಿತು ಎಂದು ಕೇಳಿದರೆ ಒಬ್ಬರು ಕಾರ್ಮಿಕ ಸಂಘವನ್ನು ದೂರುತ್ತಾರೆ, ಇನ್ನೊಬ್ಬರು ಆಡಳಿತ ಮಂಡಳಿಯನ್ನು, ಮತ್ತೊಬ್ಬರು ಡೆಟ್ರಾಯಿಟ್‌ನ ದೊಡ್ಡ ಕಾರು ಕಂಪನಿಗಳನ್ನು. ಕೇಳಿದ್ದನ್ನೂ ಓದಿದ್ದನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವ ಕಾರಣ ಇವೆಲ್ಲಕ್ಕಿಂತ ಹಳೆಯದು: ಕೈಗೆ ಬಂದ ಹಣವನ್ನು ಆಯಾ ವರ್ಷದ ನೆಮ್ಮದಿಗೆ ಖರ್ಚು ಮಾಡಿ, ಮುಂದಿನ ಕಾಲದ ಯಂತ್ರಗಳಿಗೆ ಎತ್ತಿಡದೆ ಹೋದದ್ದು. ಬಿತ್ತನೆಯ ಬೀಜವನ್ನೇ ಕುಟ್ಟಿ ಉಂಡ ಮನೆಯ ಹಾಗೆ.

ಆರಂಭ ಮಾತ್ರ ಇದಕ್ಕೆ ತೀರಾ ವಿರುದ್ಧವಾಗಿತ್ತು. 1852ರಲ್ಲಿ ಸ್ಟುಡಿಬೇಕರ್ ಮನೆತನದ ಹೆನ್ರಿ ಮತ್ತು ಕ್ಲೆಮೆಂಟ್ ಎಂಬ ಅಣ್ಣತಮ್ಮಂದಿರು 68 ಡಾಲರ್ ಬಂಡವಾಳದಲ್ಲಿ ಇಲ್ಲಿ ಕಮ್ಮಾರಸಾಲೆ ತೆರೆದರು. ಅವರ ತಮ್ಮ ಜಾನ್ ಚಿನ್ನದ ಆಸೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋದವನು, ಪ್ಲಾಸರ್‌ವಿಲ್ ಎಂಬ ಊರಿನಲ್ಲಿ ಚಿನ್ನ ಅಗೆಯುವುದನ್ನು ಬಿಟ್ಟು, ಅಗೆಯುವವರಿಗೆ ಬೇಕಾದ ಒಂಟಿ ಚಕ್ರದ ಕೈಗಾಡಿಗಳನ್ನು ಮಾಡಿ ಮಾರಿದ. 1858ರಲ್ಲಿ ಸುಮಾರು 8,000 ಡಾಲರ್ ಉಳಿತಾಯದೊಂದಿಗೆ ಊರಿಗೆ ಮರಳಿ, ಅದನ್ನು ಅಣ್ಣಂದಿರ ಬಂಡಿ ತಯಾರಿಕೆಗೆ ಹೂಡಿದ. ಅಂತರ್ಯುದ್ಧದಲ್ಲಿ ಉತ್ತರದ ಸೇನೆಗೆ ಬಂಡಿಗಳು ಬೇಕಾದವು. ಪಶ್ಚಿಮಕ್ಕೆ ವಲಸೆ ಹೊರಟ ಕುಟುಂಬಗಳಿಗೂ ಬೇಕಾದವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಜಗತ್ತಿನಲ್ಲೇ ಅತಿ ದೊಡ್ಡ ಬಂಡಿ ಕಾರ್ಖಾನೆ ಇಲ್ಲಿತ್ತು. ಕುದುರೆಗಳ ಕಾಲ ಮುಗಿಯುತ್ತಿದೆ ಎಂದು ಗೊತ್ತಾದಾಗ ಈ ಮನೆತನ ಮುಖ ತಿರುಗಿಸಲಿಲ್ಲ: 1902ರಲ್ಲಿ ವಿದ್ಯುತ್ ಕಾರು, 1904ರಲ್ಲಿ ಪೆಟ್ರೋಲ್ ಕಾರು, 1920ರಲ್ಲಿ ಬಂಡಿ ತಯಾರಿಕೆಗೆ ಪೂರ್ಣವಿರಾಮ. ಅಮೆರಿಕದ ನೂರಾರು ಬಂಡಿ ತಯಾರಕರಲ್ಲಿ ಈ ನದಿಯನ್ನು ಯಶಸ್ವಿಯಾಗಿ ದಾಟಿದವರು ಬಹಳ ವಿರಳ.

ಊರಿನ ಸ್ಟುಡಿಬೇಕರ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಆ ಬಂಡಿಗಳ ಕಾಲದಿಂದಲೇ ನಡಿಗೆ ಶುರುವಾಗುತ್ತದೆ. ಅಬ್ರಹಾಂ ಲಿಂಕನ್ ಹತ್ಯೆಯಾದ ರಾತ್ರಿ ನಾಟಕಮಂದಿರಕ್ಕೆ ಹೋದ ಸಾರೋಟು ಕೂಡ ಅಲ್ಲಿದೆ. ಅದು ಇಲ್ಲಿ ತಯಾರಾದದ್ದಲ್ಲ. ವಾಹನಗಳ ಬಗ್ಗೆ ವಿಶೇಷ ಅಭಿಮಾನವಿದ್ದ ಕ್ಲೆಮೆಂಟ್ ಅದನ್ನು ಕೊಂಡು ತಂದು ಕಾಪಾಡಿದರು. ಅವರು ಕಟ್ಟಿಸಿದ ನಲವತ್ತು ಕೋಣೆಗಳ ಕಲ್ಲಿನ ಬಂಗಲೆ, ಟಿಪ್ಪಕೆನೂ ಪ್ಲೇಸ್, ಇಂದಿಗೂ ಊರಿನ ನಡುವೆ ನಿಂತಿದೆ.

ಹಣವನ್ನು ಬೇರೆ ದಿಕ್ಕಿಗೆ ಹರಿಸಿದ ಮೊದಲ ದೊಡ್ಡ ಪ್ರಕರಣ ಆಲ್ಬರ್ಟ್ ಅರ್ಸ್ಕಿನ್ ಅಧ್ಯಕ್ಷರಾಗಿದ್ದಾಗಿನದು. 1915ರಲ್ಲಿ ಅಧಿಕಾರ ವಹಿಸಿಕೊಂಡ ಅವರು ಕಂಪನಿಯನ್ನು ಎತ್ತರಕ್ಕೆ ಒಯ್ದದ್ದು ನಿಜ. ಧರ್ಮಸ್ಥಳದಲ್ಲಿರುವ ಪ್ರೆಸಿಡೆಂಟ್ ಕಾರು ಅವರ ಕಾಲದ್ದೇ. 1928ರಲ್ಲಿ ಪಿಯರ್ಸ್-ಆರೋ ಎಂಬ ಐಷಾರಾಮಿ ಕಾರಿನ ಕಂಪನಿಯನ್ನೂ ಅವರು ತಮ್ಮದಾಗಿಸಿಕೊಂಡರು. ಆದರೆ ಮರುವರ್ಷ ಷೇರುಪೇಟೆ ಕುಸಿದು ಮಾರಾಟ ಇಳಿಮುಖವಾದಾಗಲೂ, ಒಳ್ಳೆಯ ದಿನಗಳು ಬೇಗನೆ ಮರಳುತ್ತವೆಂಬ ನಂಬಿಕೆಯಿಂದ, ಗಳಿಸಿದ ಲಾಭವನ್ನೂ ಮೀರಿ ಷೇರುದಾರರಿಗೆ ಲಾಭಾಂಶ ಹಂಚುತ್ತಾ ಹೋದರು. ಇಟ್ಟಗಂಟು ಕರಗಿತು. 1933ರ ಮಾರ್ಚ್‌ನಲ್ಲಿ ಕಂಪನಿ ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಸೇರಿತು. ಅದೇ ಜುಲೈ 1ರಂದು ಅರ್ಸ್ಕಿನ್ ತಮ್ಮ ಜೀವವನ್ನು ತಾವೇ ತೆಗೆದುಕೊಂಡರು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪಾಲ್ ಹಾಫ್‌ಮನ್ ಮತ್ತು ಹೆರಾಲ್ಡ್ ವಾನ್ಸ್ ಎಂಬ ಇಬ್ಬರು ಅಧಿಕಾರಿಗಳು ಪಿಯರ್ಸ್-ಆರೋವನ್ನು ಮಾರಿ, ಸಾಲ ಕೊಟ್ಟವರನ್ನು ಒಪ್ಪಿಸಿ, 1935ರ ವೇಳೆಗೆ ಕಂಪನಿಯನ್ನು ಮತ್ತೆ ಕಾಲ ಮೇಲೆ ನಿಲ್ಲಿಸಿದರು. 1939ರಲ್ಲಿ ಬಂದ ಚಾಂಪಿಯನ್ ಹಗುರವಾದ, ಕಡಿಮೆ ಪೆಟ್ರೋಲಿಗೆ ಓಡುವ, ಸಾಮಾನ್ಯ ಮನೆಗೆ ಎಟಕುವ ಕಾರು. ಆ ದಿನಗಳ ಉತ್ಸಾಹದ ಗುರುತೊಂದು ಇನ್ನೂ ಉಳಿದಿದೆ. ಊರಿನ ಪಶ್ಚಿಮಕ್ಕೆ ಕಂಪನಿ ತನ್ನ ಕಾರುಗಳನ್ನು ಪರೀಕ್ಷಿಸುತ್ತಿದ್ದ ಜಾಗ ಈಗ ಬೆಂಡಿಕ್ಸ್ ವುಡ್ಸ್ ಎಂಬ ಉದ್ಯಾನ. ಅಲ್ಲಿ ಸಾವಿರಾರು ಪೈನ್ ಸಸಿಗಳನ್ನು ಕಂಪನಿಯ ಹೆಸರಿನ ಅಕ್ಷರಗಳ ಆಕಾರದಲ್ಲಿ ನೆಟ್ಟಿದ್ದರು. ನೆಲದ ಮೇಲೆ ನಿಂತವರಿಗೆ ಅದು ಬರಿಯ ಪೈನ್ ತೋಪು. ವಿಮಾನದಿಂದ ಅಥವಾ ಗೂಗಲ್ ನಕ್ಷೆಯ ಉಪಗ್ರಹ ಚಿತ್ರದಲ್ಲಿ ನೋಡಿದರೆ ಸ್ಟುಡಿಬೇಕರ್ ಎಂಬ ಹೆಸರನ್ನು ಅಕ್ಷರಕ್ಷರವಾಗಿ ಓದಬಹುದು. ನಮ್ಮ ನಾಡಿನಲ್ಲಿ ಕುಳಿತವರೂ ಒಮ್ಮೆ ಹುಡುಕಿ ನೋಡಬಹುದು.

ಎರಡನೆಯ ಮಹಾಯುದ್ಧದಲ್ಲಿ ಇಲ್ಲಿಂದ ಸೇನಾ ಟ್ರಕ್ಕುಗಳೂ ಬಿ-17 ಬಾಂಬರ್ ವಿಮಾನಗಳ ಎಂಜಿನ್‌ಗಳೂ ಹೊರಬಂದವು. ಆ ಟ್ರಕ್ಕುಗಳ ಬಹುಪಾಲು ಸೋವಿಯತ್ ಒಕ್ಕೂಟಕ್ಕೆ ಹೋಯಿತು. ಕತ್ಯೂಷಾ ರಾಕೆಟ್‌ಗಳನ್ನು ಅವುಗಳ ಬೆನ್ನ ಮೇಲೆಯೇ ಕೂರಿಸಿ ಹಾರಿಸಿದರು. ಯುದ್ಧ ಮುಗಿದಾಗ ಉಳಿದ ಕಂಪನಿಗಳು 1942ರ ಹಳೆಯ ಮಾದರಿಗಳನ್ನೇ ತಿದ್ದಿ ಮಾರುತ್ತಿದ್ದರೆ, ಸ್ಟುಡಿಬೇಕರ್ 1947ರ ಮಾದರಿಯಾಗಿ ಪೂರ್ತಿ ಹೊಸ ಕಾರನ್ನು ಬೀದಿಗೆ ತಂದಿತು. ಅದರ ಸ್ಟಾರ್‌ಲೈಟ್ ಎಂಬ ಎರಡು ಬಾಗಿಲಿನ ಕೂಪೆಯ ಹಿಂಬದಿಯ ಗಾಜು ಎರಡೂ ಪಕ್ಕಕ್ಕೆ ಬಾಗಿ ಸುತ್ತುವರಿದಿತ್ತು. ಕಾರು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದು ಎಂದು ಜನ ನಗುತ್ತಲೇ ಕೊಂಡರು. 1950ರ ಮಾದರಿಗೆ ವಿಮಾನದ ಮೂತಿಯಂಥ ಮುಂಭಾಗ ಬಂತು. ಆ ಒಂದು ಮಾದರಿ ಮೂರು ಲಕ್ಷಕ್ಕೂ ಮೀರಿ ತಯಾರಾಯಿತು. ಅದೇ ಕಂಪನಿಯ ಶಿಖರ.

ಹಳೆಯ ಕಾರುಗಳ ಮಾಲೀಕರು ಬೇಸಿಗೆಯಲ್ಲಿ ಸೇರುವ ಒಂದು ಕಡೆ, ಅಂಥ ಕಾರನ್ನು ಇಂದಿಗೂ ಓಡಿಸುವ ವೃದ್ಧರೊಬ್ಬರು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಅದರ ಒಂದು ಗುಣವನ್ನು ತೋರಿಸಿದರು. ಏರಿನಲ್ಲಿ ಕಾರು ನಿಲ್ಲಿಸಿ, ಕ್ಲಚ್ಚನ್ನೂ ಬ್ರೇಕನ್ನೂ ಒತ್ತಿ, ಬ್ರೇಕಿನಿಂದ ಕಾಲನ್ನು ಪೂರ್ತಿ ತೆಗೆದುಬಿಟ್ಟರು. ಕಾರು ಒಂದಂಗುಲವೂ ಹಿಂದೆ ಜಾರಲಿಲ್ಲ. ಕ್ಲಚ್ ಬಿಡುವವರೆಗೂ ಬ್ರೇಕಿನ ಒತ್ತಡವನ್ನು ಹಿಡಿದಿಡುವ ಪುಟ್ಟ ಕವಾಟವೊಂದು ಅದರಲ್ಲಿದೆ. 1930ರ ದಶಕದಿಂದಲೇ ಸ್ಟುಡಿಬೇಕರ್ ಅದನ್ನು ಕೊಡುತ್ತಿತ್ತು. ಇಂದಿನ ಕಾರುಗಳಲ್ಲಿ ಗಣಕದ ನೆರವಿನಿಂದ ನಡೆಯುವ ಈ ಕೆಲಸವನ್ನು ಅಂದು ಕೇವಲ ಕಬ್ಬಿಣ ಮತ್ತು ಎಣ್ಣೆಯಿಂದ ಸಾಧಿಸಿದ್ದರು. ಇವರ ಎಂಜಿನಿಯರುಗಳು ಸೋತರು ಎಂದು ಯಾರೇ ಹೇಳಿದರೂ ನಾನು ಒಪ್ಪುವುದಿಲ್ಲ.

ಸೋತದ್ದು ಲೆಕ್ಕ. ಯುದ್ಧಾನಂತರದ ಆ ನಾಲ್ಕೈದು ವರ್ಷ ಜನ ಸರದಿಯಲ್ಲಿ ನಿಂತು ಕಾರು ಕೊಳ್ಳುತ್ತಿದ್ದರು, ಹಣ ಧಾರಾಳವಾಗಿ ಬರುತ್ತಿತ್ತು. ಬಹು ಅಂತಸ್ತಿನ ಹಳೆಯ ಇಟ್ಟಿಗೆ ಕಟ್ಟಡಗಳಲ್ಲಿ ಮೇಲಕ್ಕೂ ಕೆಳಕ್ಕೂ ಸಾಗಿಸುತ್ತಾ ಕಾರು ಜೋಡಿಸುವ ಪದ್ಧತಿಯನ್ನು ಬಿಟ್ಟು ಹೊಸ ಕಾರ್ಖಾನೆ ಕಟ್ಟಲು ಅದಕ್ಕಿಂತ ಒಳ್ಳೆಯ ಕಾಲ ಮತ್ತೆ ಬರುವಂತಿರಲಿಲ್ಲ. ಆಡಳಿತ ಮಂಡಳಿಯಾದರೋ ಷೇರುದಾರರಿಗೆ ಕೈತುಂಬ ಲಾಭಾಂಶ ಕೊಟ್ಟಿತು. ಉತ್ಪಾದನೆ ನಿಲ್ಲದಿದ್ದರೆ ಸಾಕೆಂದು ಕಾರ್ಮಿಕ ಸಂಘ ಕೇಳಿದ್ದಕ್ಕೆಲ್ಲ ಒಪ್ಪಿತು. ತಂದೆ ಮತ್ತು ಮಗ ಒಟ್ಟಿಗೆ ದುಡಿಯುವ ಕಾರ್ಖಾನೆ ಎಂಬುದು ಅವರ ಜಾಹೀರಾತುಗಳ ಹೆಮ್ಮೆಯ ಚಿತ್ರವಾಗಿತ್ತು. ಅದು ಸುಳ್ಳಾಗಿರಲಿಲ್ಲ, ಆದರೆ ಒಂದು ಕಾರಿಗೆ ತಗಲುವ ಕೂಲಿಯ ವೆಚ್ಚ ಡೆಟ್ರಾಯಿಟ್‌ಗಿಂತ ಮೇಲಕ್ಕೆ ಹೋಗಿತ್ತು. ಕಾರ್ಮಿಕರು ಹೆಚ್ಚು ಪಡೆದದ್ದನ್ನು ನಾನು ತಪ್ಪೆನ್ನಲಾರೆ. ಕೊಡುವಾಗ ನಾಳೆಯ ಯಂತ್ರಗಳಿಗೂ ಪಾಲು ಎತ್ತಿಡಬೇಕಾದದ್ದು ಲೆಕ್ಕದ ಪುಸ್ತಕ ಕೈಯಲ್ಲಿದ್ದವರ ಹೊಣೆಯಾಗಿತ್ತು.

ಪರಿಣಾಮ 1953ರಲ್ಲಿ ಕಾಣಿಸಿತು. ಆ ವರ್ಷ ವಿನ್ಯಾಸಕಾರ ರೇಮಂಡ್ ಲೋವಿ ಅವರ ತಂಡದ ರಾಬರ್ಟ್ ಬೋರ್ಕ್ ರೂಪಿಸಿದ ಕೂಪೆ, ನೆಲಕ್ಕೆ ಒರಗಿದಂತಿರುವ ನೀಳ ಕಾರು, ಅಮೆರಿಕದಲ್ಲಿ ಮೂಡಿದ ಅತ್ಯಂತ ಸುಂದರ ಕಾರುಗಳಲ್ಲಿ ಒಂದೆಂದು ಇಂದಿಗೂ ಹೆಸರಾಗಿದೆ. ಸಂಗ್ರಹಾಲಯದಲ್ಲಿ ಅದನ್ನು ಸುತ್ತು ಹಾಕಿ ನೋಡಿದರೆ ಅಲಂಕಾರದ ಕ್ರೋಮ್ ಎಷ್ಟು ಕಡಿಮೆ, ಗೆರೆಗಳು ಎಷ್ಟು ಶಾಂತ ಎಂದು ಬೆರಗಾಗುತ್ತದೆ. ಆದರೆ ಎಂಜಿನ್ ಇಳಿಸಿದೊಡನೆ ಚೌಕಟ್ಟು ಬಾಗಿ ಮುಂಭಾಗದ ತಗಡುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಜನ ಕೂಪೆ ಕೇಳಿದರೆ ಕಾರ್ಖಾನೆ ಸೆಡಾನ್‌ಗಳನ್ನೇ ಹೆಚ್ಚಾಗಿ ಯೋಜಿಸಿತ್ತು. ಎರಡರ ತಗಡುಗಳೂ ಬೇರೆ ಬೇರೆಯಾದ್ದರಿಂದ ಒಂದನ್ನು ಇನ್ನೊಂದಕ್ಕೆ ಬಳಸುವಂತಿರಲಿಲ್ಲ. ಅದೇ ಸಮಯಕ್ಕೆ ಫೋರ್ಡ್ ಮತ್ತು ಷೆವರ್ಲೆ ಮಾರಾಟದ ಸಮರಕ್ಕೆ ಇಳಿದು ರಿಯಾಯಿತಿಗಳ ಮಳೆ ಸುರಿಸಿದವು. 1954ರಲ್ಲಿ ಕಾರ್ಮಿಕರು ತಾವೇ ಮತ ಹಾಕಿ ಸಂಬಳ ಕಡಿತಕ್ಕೆ ಒಪ್ಪಿದರು. ಅದೇ ವರ್ಷ ಐಷಾರಾಮಿ ಕಾರುಗಳನ್ನು ಮಾಡುತ್ತಿದ್ದ ಪ್ಯಾಕರ್ಡ್ ಕಂಪನಿ ಸ್ಟುಡಿಬೇಕರನ್ನು ಕೊಂಡುಕೊಂಡಿತು. ಲೆಕ್ಕ ತೆರೆದು ನೋಡಿದಾಗ, ನಷ್ಟವಿಲ್ಲದೆ ನಡೆಯಬೇಕಾದರೆ ವರ್ಷಕ್ಕೆ 2.8 ಲಕ್ಷದಷ್ಟು ಕಾರು ಮಾರಬೇಕೆಂದು ತಿಳಿಯಿತು. ಆ ವರ್ಷ ತಯಾರಾದವು ಒಂದು ಲಕ್ಷವೂ ಇರಲಿಲ್ಲ. ನಾಲ್ಕೇ ವರ್ಷಗಳಲ್ಲಿ, ಕೊಂಡುಕೊಂಡ ಪ್ಯಾಕರ್ಡ್‌ನ ಹೆಸರೇ ಕಣ್ಮರೆಯಾಯಿತು.

1959ರ ಪುಟ್ಟ ಕಾರು ಲಾರ್ಕ್ ಕೊಂಚ ಉಸಿರು ಕೊಟ್ಟಿತು. 1961ರಲ್ಲಿ ಬಂದ ಅಧ್ಯಕ್ಷ ಶೆರ್ವುಡ್ ಎಗ್ಬರ್ಟ್, ಲೋವಿ ಅವರಿಂದಲೇ ಅವಾಂಟಿ ಎಂಬ ಫೈಬರ್ ಗಾಜಿನ ಮೈಯ ವೇಗದ ಕಾರಿನ ವಿನ್ಯಾಸ ಮಾಡಿಸಿದರು. ಮುಂಗಾಲಿಗಳಿಗೆ ಡಿಸ್ಕ್ ಬ್ರೇಕ್ ಇದ್ದ ಅದು ತನ್ನ ಕಾಲಕ್ಕಿಂತ ಮುಂದಿತ್ತು. ಓಹಾಯೊದಿಂದ ಬರಬೇಕಿದ್ದ ಅದರ ಮೈಗಳು ಸರಿಯಾಗಿ ಹೊಂದದೆ ತಡವಾದವು, ಕಾದವರು ಬೇರೆ ಕಾರು ಕೊಂಡರು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಎಗ್ಬರ್ಟ್ 1963ರ ನವೆಂಬರ್‌ನಲ್ಲಿ ಹುದ್ದೆ ಬಿಟ್ಟರು. ಡಿಸೆಂಬರ್ 9ರಂದು ಸೌತ್ ಬೆಂಡ್ ಕಾರ್ಖಾನೆ ಮುಚ್ಚುವ ಪ್ರಕಟಣೆ ಬಂತು. 20ರಂದು, ಕ್ರಿಸ್ಮಸ್‌ಗೆ ಐದು ದಿನ ಇರುವಾಗ, ಕೊನೆಯ ಕಾರು ಸಾಲಿನಿಂದ ಇಳಿಯಿತು. ಕೆನಡಾದ ಹ್ಯಾಮಿಲ್ಟನ್ ಘಟಕ 1966ರ ಮಾರ್ಚ್‌ವರೆಗೆ ನಡೆದು ಅದೂ ನಿಂತಿತು. 1960ರಲ್ಲಿ 1.32 ಲಕ್ಷವಿದ್ದ ಊರಿನ ಜನಸಂಖ್ಯೆ 2020ರ ಜನಗಣತಿಯಲ್ಲಿ 1.03 ಲಕ್ಷ.

ಇಲ್ಲಿಯ ಹಿರಿಯರ ಮಾತಿನಲ್ಲಿ ಇಂದಿಗೂ ಆರದ ನೋವು ಕಾರಿನದ್ದಲ್ಲ, ಪಿಂಚಣಿಯದ್ದು. ಸುಮಾರು 7,000 ಮಂದಿ ಕೆಲಸ ಕಳೆದುಕೊಂಡರು. ಪಿಂಚಣಿ ನಿಧಿಯಲ್ಲಿ ಕೊಟ್ಟ ಮಾತಿಗೆ ತಕ್ಕಷ್ಟು ಹಣವಿರಲಿಲ್ಲ. ಆಗಲೇ ನಿವೃತ್ತರಾದವರಿಗೂ ಅರುವತ್ತು ದಾಟಿದ ಅರ್ಹರಿಗೂ ಪೂರ್ತಿ ಪಿಂಚಣಿ ಉಳಿಯಿತು. ನಲವತ್ತರಿಂದ ಅರುವತ್ತರ ನಡುವಿನ, ಹತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದ ನಾಲ್ಕು ಸಾವಿರದಷ್ಟು ಜನರಿಗೆ ಬರಬೇಕಾದದ್ದರ ಸುಮಾರು ಶೇಕಡ 15 ಮಾತ್ರ ಸಿಕ್ಕಿತು. ಇವರಲ್ಲಿ ಇಪ್ಪತ್ತು, ಮೂವತ್ತು ವರ್ಷ ಅದೇ ಕಟ್ಟಡಗಳಲ್ಲಿ ಬೆವರು ಸುರಿಸಿದವರಿದ್ದರು. ನಲವತ್ತಕ್ಕಿಂತ ಕಿರಿಯರಿಗೆ ಏನೂ ಸಿಗಲಿಲ್ಲ. ಇದೆಲ್ಲವೂ ಅಂದಿನ ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು.

ಇಂಡಿಯಾನಾದ ಸೆನೆಟರ್ ವಾನ್ಸ್ ಹಾರ್ಟ್ಕೆ 1964ರಲ್ಲೇ ಖಾಸಗಿ ಪಿಂಚಣಿಗಳಿಗೆ ವಿಮೆ ಇರಬೇಕೆಂಬ ಮಸೂದೆ ಮಂಡಿಸಿದರು. ಹತ್ತು ವರ್ಷಗಳ ವಾದ ವಿವಾದಗಳ ನಂತರ, 1974ರ ಸೆಪ್ಟೆಂಬರ್ 2ರಂದು, ಇಲ್ಲಿಯ ಕಾರ್ಮಿಕ ದಿನಾಚರಣೆಯ ದಿನವೇ, ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ, ನೌಕರರ ನಿವೃತ್ತಿ ಹಣವನ್ನು ಕಾಯುವ ಎರಿಸಾ ಕಾಯ್ದೆ ಬಂತು. ಕಂಪನಿ ಮುಳುಗಿದರೂ ನಿಗದಿತ ಪಿಂಚಣಿಯನ್ನು ಒಂದು ಮಿತಿಯೊಳಗೆ ತುಂಬಿಕೊಡುವ ಸರ್ಕಾರಿ ನಿಗಮ ಹುಟ್ಟಿದ್ದು ಆ ಕಾಯ್ದೆಯಿಂದ. ಅಮೆರಿಕದ ಖಾಸಗಿ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರ ನಿವೃತ್ತಿ ಹಣಕ್ಕೂ ಅದೇ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ. ಪಿಂಚಣಿಯ ವಿಮೆ ಮಾತ್ರ ಹಿಂದಿನ ವರ್ಷಗಳಿಗೆ ಅನ್ವಯವಾಗಲಿಲ್ಲ. ಸೌತ್ ಬೆಂಡ್‌ನ ಆ ನಾಲ್ಕು ಸಾವಿರ ಮಂದಿಗೆ ಅದರಿಂದ ಒಂದು ಡಾಲರೂ ಬರಲಿಲ್ಲ.